ಕೂಸಿನ ನೆತ್ತಿ ಕೆರೆಯಲು ಬಿಡದ ಭಾಗವ್ವ

ಬೆಳಗಿನ ಆರೂವರೆ. ಚಂದ್ರಾ ಲೇಔಟ್‌ನ ಜಲಜಮ್ಮನವರ ಬಚ್ಚಲಲ್ಲಿ ಭಾಗವ್ವ ಮಣೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಕಾಲ ಮೇಲೆ ಒಂದೂವರೆ ತಿಂಗಳ ಹೆಣ್ಣುಕೂಸು. ನೆತ್ತಿಯ ತುಂಬ ಮೇಣದಂಥ ಹಳದಿ ಹೊಟ್ಟು. ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತ ಅಜ್ಜಿ ಜಲಜಮ್ಮನವರಿಗೆ ಒಂದೇ ಚಿಂತೆ: ನಾಳೆ ನಾಮಕರಣ, ಬಂದ ನೆಂಟರು ಏನಂದಾರು?

“ಸ್ವಲ್ಪ ಕೆರೆದು ತೆಗಿ ಭಾಗವ್ವ, ತಲೆ ನೀಟಾಗಿ ಕಾಣ್ಲಿ.”

“ಕೆರೆಯಂಗಿಲ್ರಿ ಅಮ್ಮಾರ. ಅದು ಹೊಲಸಲ್ಲ, ತಾನಾಗೇ ಹೋಗ್ತದ.”

ಗಾರೆ ಕೆಲಸದ ಗಂಡ ಗೂಳಪ್ಪನ ಜೊತೆ ಬಾಗಲಕೋಟೆ ಕಡೆಯಿಂದ ಬಂದು ಕೆಂಗೇರಿಯಲ್ಲಿ ನೆಲೆನಿಂತ ಭಾಗವ್ವ, 1994ರಿಂದ ಈ ಹನ್ನೆರಡು ವರ್ಷ ಎಳೆಗೂಸುಗಳಿಗೆ ನೀರೆರೆಯುತ್ತಲೇ ಬಂದಿದ್ದಾರೆ. ದಿನಕ್ಕೆ ನಾಲ್ಕು ಮನೆ, ಒಂದೊಂದರಲ್ಲೂ ಮುಕ್ಕಾಲು ಗಂಟೆ. ಸೊಂಟ ಹಿಡಿದುಕೊಂಡರೂ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಆ ಮನೆ ಕೈತಪ್ಪುತ್ತದೆ. ಹೊಟ್ಟಿಗೆ ಅವರದೊಂದು ಕ್ರಮವಿದೆ. ನಾಲ್ಕು ಹನಿ ಎಣ್ಣೆ ಸವರಿ ಹದಿನೈದು ನಿಮಿಷ ನೆನೆಯಬಿಟ್ಟು, ಮೆತ್ತನೆಯ ಬ್ರಶ್ಶಿನಲ್ಲಿ ಹಗುರಾಗಿ ಉಜ್ಜಿ, ಮಕ್ಕಳ ಶಾಂಪೂ ಹಾಕಿ ಎಣ್ಣೆಯನ್ನು ಪೂರ್ತಿ ತೊಳೆಯುತ್ತಾರೆ. ಬಂದಷ್ಟು ಬರಲಿ, ಉಳಿದದ್ದಕ್ಕೆ ವಾರವೋ ತಿಂಗಳೋ ಕಾದರಾಯಿತು.

ಇಂದು ಮಾತ್ರ ಕಿವಿ ಮಡಚಿ ನೋಡಿದವರ ಕೈ ನಿಲ್ಲುತ್ತದೆ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಚರ್ಮ ಕೆಂಪೇರಿ ನೀರು ಜಿನುಗುತ್ತಿದೆ. ನಿನ್ನೆ ಇದು ಇರಲಿಲ್ಲ.

“ಇದಕ್ಕ ನನ್ನ ಎಣ್ಣಿ ನಡೆಯಂಗಿಲ್ಲ. ಇವತ್ತಽ ಡಾಕ್ಟರಿಗೆ ತೋರಸ್ರಿ.”

ಜಲಜಮ್ಮನವರಿಗೆ ರೇಗುತ್ತದೆ. “ನಾಳೆ ನಾಮಕರಣ ಇಟ್ಕೊಂಡು ಆಸ್ಪತ್ರೆ ಅಲೀಬೇಕಾ? ನಿನ್ ಕೆಲ್ಸ ನೀನ್ ಮಾಡು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ.”

“ನೋಡ್ಕೊಳ್ರಿ. ಕೂಸಿನ್ನ ಮಾತ್ರ ಮೊದ್ಲ ತೋರಸ್ರಿ.”

ಹಿಡಿದ ಹಟ ಬಿಡುವ ಹೆಂಗಸಲ್ಲ ಭಾಗವ್ವ. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಬಾಣಂತಿ ರಾಗಿಣಿಯ ಕೈಗಿತ್ತು, “ರಾತ್ರಿ ಹಾಲು ಕುಡೀತೇನವ್ವಾ?” ಎಂದು ಕೇಳುತ್ತಾರೆ. “ಸರಿಯಾಗಿ ಕುಡೀಲೇ ಇಲ್ಲ,” ಎಂದ ರಾಗಿಣಿ ಅಮ್ಮನ ಮುಖ ನೋಡದೆ ಚಪ್ಪಲಿ ಮೆಟ್ಟುತ್ತಾಳೆ.

ಸೋಂಕು ಆಗತಾನೇ ಶುರುವಾಗಿದೆ, ಬೇಗ ಬಂದದ್ದು ಒಳ್ಳೆಯದಾಯಿತು ಎನ್ನುತ್ತಾರೆ ಡಾಕ್ಟರು. ಬರೀ ಹೊಟ್ಟಿಗೆ ಹೆದರಬೇಕಿಲ್ಲ. ಆದರೆ ಅದು ಮುಖಕ್ಕೆ, ಮೈಗೆ ಹರಡಿದರೆ, ಊದಿಕೊಂಡರೆ, ರಸಿಗೆಯೋ ರಕ್ತವೋ ಬಂದರೆ, ಮಗು ಹಾಲು ಬಿಟ್ಟರೆ, ಜ್ವರ ಕಂಡರೆ ತಡಮಾಡಬಾರದು. ನಾಮಕರಣವನ್ನು ಮುಂದಕ್ಕೆ ಹಾಕಿದ ಜಲಜಮ್ಮನವರು ಸಂಜೆ ಭಾಗವ್ವನ ಪಕ್ಕದ ಮನೆಗೆ ತಾವೇ ಫೋನ್ ಮಾಡಿ ಅವರನ್ನು ಕರೆಸುತ್ತಾರೆ. “ನಾಳೆಯಿಂದ ಹೇಗ್ ಮಾಡ್ಬೇಕು ಅಂತ ಬಂದು ಹೇಳಮ್ಮ.”

ಕೆಲಸ ಹೋದರೂ ಸರಿ ಎನ್ನುವ ಈ ಗಟ್ಟಿತನ ಎಲ್ಲಿಂದ ಬಂತೆಂದು ಕೇಳಿದರೆ ಭಾಗವ್ವ ಮಗನ ಮಾತು ತೆಗೆಯುತ್ತಾರೆ.

“ಬಾಳೇಶ ನನ್ನ ಚೊಚ್ಚಲ ಮಗ. ಅವನ ತಲಿ ಹೊಟ್ಟು ನಾನಽ ಉಗುರಿಲೆ ಕೆರದು ತಗದೆ. ಕೀವಾಗಿ ಒಂಬತ್ತು ದಿನ ದವಾಖಾನಿಯಾಗ ಇಟ್ಕೊಂಡಿದ್ರು. ಕೆರದ ಜಾಗದಾಗ ಈಗೂ ಕೂದಲಾ ಬರಂಗಿಲ್ಲ.”

ಅವರ ಆಸೆ ದೊಡ್ಡದೇನಲ್ಲ. “ಪೇಪರಿನಾಗ ನನ್ನ ಫೋಟೋ ಬ್ಯಾಡ್ರಿ. ಕೆರೀಬ್ಯಾಡ್ರಿ ಅಂತ ದೊಡ್ಡಕ್ಷರದಾಗ ಹಾಕ್ರಿ. ನನಗ ಯಾರೂ ಹೇಳಿರಲಿಲ್ಲ.”