ಕಡ್ಡಿಪೆಟ್ಟಿಗೆ ಮತ್ತು ಕಾಣೆಯಾದ ಫೈಲು

ಮಹಾನವಮಿಗೆಂದು ಮನೆ ತೊಳೆದ ಮರುದಿನ ನಮ್ಮಲ್ಲಿ ಏನಾದರೊಂದು ಕಾಣೆಯಾಗಿರುವುದು ವಂಶಪಾರಂಪರ್ಯವಾಗಿ ನಡೆದುಬಂದ ಸಂಪ್ರದಾಯ. ಈ ಸಲದ ಸರದಿ ಕಡ್ಡಿಪೆಟ್ಟಿಗೆಯದು. ಫಳಫಳ ಹೊಳೆಯುವ ಒಲೆ, ಮೊನ್ನೆಯಷ್ಟೇ ಬಂದ ತುಂಬಿದ ಸಿಲಿಂಡರು, ಪಾತ್ರೆಯಲ್ಲಿ ಹಾಲು, ಡಬ್ಬಿಯಲ್ಲಿ ಚಹಾಪುಡಿ, ಹೀಗೆ ಸಕಲ ಸಾಮಗ್ರಿಯೂ ಸಿದ್ಧವಾಗಿದ್ದು, ಒಂದು ಕಡ್ಡಿಯ ಗೈರುಹಾಜರಿಯಿಂದ ಇಡೀ ಅಡುಗೆಮನೆ ಉಪವಾಸ ಕೂತಿತ್ತು. ಪಕ್ಕದ ಮನೆಯಿಂದ ಇಸಕೊಂಡು ಬನ್ನಿ ಎಂದಳು ಹೆಂಡತಿ. ಪಕ್ಕದ ಮನೆಯ ಶರಣಪ್ಪನವರು ತಮ್ಮ ಸ್ಕೂಟರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸತೊಡಗಿದಂದಿನಿಂದ ನಾನು ಅವರೊಡನೆ ಮೌನವ್ರತದಲ್ಲಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚಹಾ ಇಲ್ಲದ ಆ ಬೆಳಗಿನಲ್ಲಿ, ಓದುಗ ಮಿತ್ರರೇ, ನನಗೆ ಚಾಂದಬಾಷಾನ ಕಂಪ್ಯೂಟರು ನೆನಪಾಯಿತು.

ತೊಂಬತ್ತರ ದಶಕದ ಮಾತು. ನಾನು ಸಿಂಧನೂರಿನಲ್ಲಿ ಕನ್ನಡ ಮೇಷ್ಟ್ರು. ಕಂಪ್ಯೂಟರಿನ ಕುರಿತ ನನ್ನ ಜ್ಞಾನ ಅದಕ್ಕೆ ಹೊದಿಸುವ ಬಟ್ಟೆಯ ಬಣ್ಣಕ್ಕೆ ಸೀಮಿತವಾಗಿತ್ತು. ಗೆಳೆಯ ಚಾಂದಬಾಷಾ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಬೆರಳು ಕಪ್ಪು ಮಾಡಿಕೊಂಡ ಮೇಲೆ ತನ್ನ ಪ್ರೆಸ್ಸಿಗೆ ಈ ಯಂತ್ರ ತರಿಸಿದ್ದ. ಅದರಲ್ಲಿ ಅಕ್ಷರ ಕೂರಿಸುವ ಕೆಲಸ ಸರೋಜಕ್ಕನದು. ಮಸ್ಕಿಯಲ್ಲಿದ್ದ ನಮ್ಮಣ್ಣನ ಮಗಳು ಶಿವಲೀಲಾಳಿಗೆ ಲಿಂಗಸುಗೂರಿನ ವರ ಗೊತ್ತಾಗಿ, ಲಗ್ನಪತ್ರಿಕೆ ಚಾಂದಬಾಷಾನ ಆ ಯಂತ್ರದಲ್ಲೇ ಸಿದ್ಧವಾಗಿತ್ತು.

ಆ ಪತ್ರಿಕೆಯಲ್ಲಿ ಅಣ್ಣನ ಹೆಸರೂ ಹುಡುಗಿಯ ಸೋದರಮಾವ ತುರ್ವಿಹಾಳದ ಬಸಲಿಂಗಪ್ಪನ ಹೆಸರೂ ಅಕ್ಕಪಕ್ಕ ಕೂತದ್ದು ನಮ್ಮ ಮನೆತನದ ಮಟ್ಟಿಗೆ ಒಂದು ಐತಿಹಾಸಿಕ ಘಟನೆ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಒಂದು ಮಧ್ಯಾಹ್ನ ಬಸಲಿಂಗಪ್ಪ ಬಿಸಿಲಲ್ಲಿ ಮಸ್ಕಿಗೆ ಬಂದಾಗ, ಪಡಸಾಲೆಯಲ್ಲಿ ಮಲಗಿದ್ದ ಅಣ್ಣ ‘ಬರ್ರಿ’ ಅನ್ನಲಿಲ್ಲ, ನೀರಿನ ತಂಬಿಗೆ ಕೊಡಲಿಲ್ಲ. ಬಂದವನು ಹೊಸ್ತಿಲಿನಿಂದಲೇ ಹಿಂದಿರುಗಿದ. ನಿದ್ದೆ ಹತ್ತಿತ್ತು ಎಂದು ಅಣ್ಣ. ಕಣ್ಣು ತೆರೆದೇ ಇತ್ತು ಎಂದು ಬಸಲಿಂಗಪ್ಪ. ನಮ್ಮಣ್ಣ ಅರೆಗಣ್ಣು ತೆರೆದೇ ನಿದ್ರಿಸುವ ಅಪರೂಪದ ಜೀವಿ ಎಂಬ ಸತ್ಯವನ್ನು ನಾನು ಎಷ್ಟು ಹೇಳಿದರೂ, ತಮ್ಮನ ಸಾಕ್ಷಿ ಯಾವ ಪಂಚಾಯತಿಯಲ್ಲಿ ನಡೆಯುತ್ತದೆ? ಸೋದರಮಾವ ಕೈಹಿಡಿದು ಕರೆತರದೆ ನಮ್ಮಲ್ಲಿ ಮದುಮಗಳು ಹಂದರಕ್ಕೆ ಬರುವುದಿಲ್ಲ. ಶಿವಲೀಲಾ ಅತ್ತು ಕರೆದ ಮೇಲೆ ಬಸಲಿಂಗಪ್ಪ ಒಂದು ಷರತ್ತು ಹಾಕಿದ್ದ: ತನ್ನ ಹೆಸರು ಅಣ್ಣನ ಸಾಲಿನಲ್ಲೇ ಇರುವುದನ್ನು ಹಬ್ಬ ಮುಗಿದ ಮೇಲೆ ಕಣ್ಣಾರೆ ನೋಡಬೇಕು, ನೋಡಿದರೆ ಮದುವೆಗೆ ಬರುವುದು.

ನೋಡಲು ಬಂದ ದಿನವೇ ಕಂಪ್ಯೂಟರು ಏಳಲಿಲ್ಲ. ಕಪ್ಪು ಪರದೆಯ ಮೇಲೆ, ಯಾವುದೋ ಫೈಲು ಕಾಣೆಯಾಗಿದೆ ಎಂಬ ಒಂದೇ ಸಾಲು. ಆಯುಧಪೂಜೆಯ ಕುಂಕುಮ ಒಳಗೆ ಇಳಿದಿರಬೇಕೆಂದು ನಾನು ಪಾಂಡಿತ್ಯ ಪ್ರದರ್ಶಿಸಿದೆ. ಸರೋಜಕ್ಕ ಮಾತ್ರ ಸಮಾಧಾನದಿಂದ ಹೇಳಿದರು: “ಹಬ್ಬಕ್ಕ ಮೂಲಿಮೂಲಿ ಝಾಡಿಸೀವ್ರಿ, ಇದರ ಹೊಟ್ಯಾಗಿನ ಕಸ ಯಾಕ ಬಿಡಬೇಕು? ನಮಗ ಗುರ್ತಿಲ್ಲದ ಹೆಸರಿನವು ಒಂದೀಟು ಇದ್ವು, ತೆಗದೀನಿ.”

ಚಾಂದಬಾಷಾ ಎದೆಗುಂದಲಿಲ್ಲ. “ಒಳಗಿನ ಮಾಲು ಎಲ್ಲೂ ಹೋಗಿಲ್ಲ ಮಾಸ್ತರ. ಮಷೀನ್ ಎದ್ದು ನಿಂದ್ರಾಕ ಒಂದು ಸಣ್ಣ ಫೈಲ್ ಬೇಕು, ಅದೊಂದ ಹೋಗೈತಿ. ಇದರ ಜೋಡಿ ಮಷೀನ್ ಲಿಂಗಸುಗೂರಾಗ ಐತಿ, ಅಲ್ಲಿಂದ ತರ್ತೀನಿ” ಎಂದ. ಫೋನಿನಲ್ಲಿ ಸಿಕ್ಕ ರಾಯಚೂರಿನ ಮೆಕ್ಯಾನಿಕ್ಕು ಡಿಸ್ಕನ್ನು ಪೂರಾ ಅಳಿಸಿ ಹೊಸದಾಗಿ ತುಂಬಿರೆಂದು ಸುಲಭೋಪಾಯ ಸೂಚಿಸಿದ. ಬೆಂಚಿನ ಮೇಲಿದ್ದ ಬಸಲಿಂಗಪ್ಪನ ಮುಖ ಗಂಟಾಯಿತು.

“ಈಗ ಹೊಸದಾಗಿ ಹೊಡದ್ರ, ನಾ ಬಂದ ಮ್ಯಾಲ ನನ್ನ ಹೆಸರ ಸೇರಿಸಿದಂಗಾತು. ಮೊದಲ ಹಾಕಿದ್ದು ಇದ್ರ ತೋರಸ್ರಿ. ಸಂಜಿ ಬಸ್ಸಿನಮಟ ಕುಂದರ್ತೀನಿ.”

ಚಾಂದಬಾಷಾ ಒಂದು ಫ್ಲಾಪಿಯನ್ನು ಬಿಸಿಲು ತಾಗದಂತೆ ಬುತ್ತಿಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ. ದಾರಿಯಲ್ಲಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣನಿಗೆ ಸುದ್ದಿ ಮುಟ್ಟಿಸಿದನಂತೆ. ಅಣ್ಣ ಎದುರಿನ ಬಸ್ಸು ಹಿಡಿದು ಗಾಬರಿಯಲ್ಲಿ ಸಿಂಧನೂರಿಗೆ ಬಂದ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ, ನಡುವೆ ಕಾಗದದ ರೀಮು ಇಟ್ಟುಕೊಂಡು ಕೂತರು. ಏನಾದರೂ ಮಾತಾಡಿ ಮಂಜು ಕರಗಿಸೋಣವೆಂದರೆ, ತರಗತಿಯಲ್ಲಿ ಗಂಟೆಗಟ್ಟಲೆ ಹರಿಯುವ ನನ್ನ ವಾಗ್ಝರಿ ಅಲ್ಲಿ ಬತ್ತಿತು. ಅದು ಒಳ್ಳೆಯದೇ ಆಯಿತು. ಮಧ್ಯಾಹ್ನದ ಸೆಖೆಗೆ ಅಣ್ಣನ ತಲೆ ಗೋಡೆಗೆ ಒರಗಿತು.

ಸ್ವಲ್ಪ ಹೊತ್ತಿಗೆ ಬಸಲಿಂಗಪ್ಪ ಅತ್ತ ತಿರುಗಿದ. ಅಣ್ಣ ಅರೆಗಣ್ಣು ತೆರೆದುಕೊಂಡು ನೆಟ್ಟಗೆ ಅವನನ್ನೇ ನೋಡುವಂತಿದ್ದ. ಬಸಲಿಂಗಪ್ಪ ಅಂಗೈಯನ್ನು ಆ ಕಣ್ಣುಗಳ ಮುಂದೆ ಮೆಲ್ಲಗೆ ಆಡಿಸಿದ. ರೆಪ್ಪೆ ಮಿಸುಕಲಿಲ್ಲ, ಸಣ್ಣ ಗೊರಕೆಯೊಂದು ಉತ್ತರ ಕೊಟ್ಟಿತು. ಅವನು ನನ್ನತ್ತ ನೋಡಿದ, ನಾನು ಮಾಳಿಗೆಯತ್ತ ನೋಡಿದೆ. ಆಮೇಲೆ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದು ಇಟ್ಟುಕೊಂಡು, ಅಣ್ಣನಿಗೆ ಎಚ್ಚರವಾಗುವ ತನಕ ಸುಮ್ಮನೆ ಕೂತ. ಅಣ್ಣ ಮೈಮುರಿದು ಎದ್ದೊಡನೆ, ಈಗತಾನೆ ಬಂದ ಬೀಗರನ್ನು ಬರಮಾಡಿಕೊಳ್ಳುವಂತೆ ಬಸಲಿಂಗಪ್ಪ ಅಂದ: “ಬರ್ರಿ. ಬಿಸಲಾಗ ಬಂದೀರಿ, ನೀರು ಕುಡೀರಿ.”

ಅಣ್ಣ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಹೊತ್ತಿಳಿಯುವಾಗ ಚಾಂದಬಾಷಾ ವಿಜಯಿಯಾಗಿ ಬಂದ. ಫ್ಲಾಪಿಯಲ್ಲಿ ತಂದ ಫೈಲು ತನ್ನ ಜಾಗಕ್ಕೆ ಸೇರುತ್ತಲೇ ಯಂತ್ರ ಎದ್ದಿತು, ಲಗ್ನಪತ್ರಿಕೆ ತೆರೆಯಿತು; ಎರಡು ಹೆಸರುಗಳೂ ಅಕ್ಕಪಕ್ಕ, ಒಂದಕ್ಷರ ಕೊಂಕದೆ ಕೂತಿದ್ದವು. ನೋಡಬೇಕಾದವರು ಮಾತ್ರ ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಹಂದರದ ಮಾತಿನಲ್ಲಿ ಮುಳುಗಿದ್ದರು. ಕರೆದರೆ ಬಸಲಿಂಗಪ್ಪ ಅಲ್ಲಿಂದಲೇ ಕೈಬೀಸಿ, “ಇರ್ತೈತಿ ಬಿಡ್ರಿ, ಛಾಪಿಸ್ರಿ” ಅಂದ. ಲಿಂಗಸುಗೂರಿನ ಧೂಳನ್ನೆಲ್ಲ ಹೊತ್ತು ತಂದ ಚಾಂದಬಾಷಾನಿಗೆ ಆದ ಬೇಸರ ಅಷ್ಟಿಷ್ಟಲ್ಲ.

ಮನುಷ್ಯರ ಒಳಗಿನದೂ ಸುಲಭಕ್ಕೆ ಅಳಿಸಿ ಹೋಗುವುದಿಲ್ಲ ಎಂದು ನಾನು ಅಂದು ನಂಬಿದೆ, ಇಂದೂ ನಂಬುತ್ತೇನೆ. ಕಾಣೆಯಾಗುವುದು ಮೊದಲು ಆಡಬೇಕಾದ ಒಂದು ಸಣ್ಣ ಮಾತು, ಅದನ್ನು ಬಹುಮಟ್ಟಿಗೆ ಬೇರೆಯವರಿಂದಲೇ ತರಬೇಕು.

ಹೀಗೆಲ್ಲ ತತ್ವ ಹೊಸೆದ ಮೇಲೆ ಹಾಲು ಒಡೆಯುವವರೆಗೂ ಕೂರುವುದು ಶೋಭೆಯಲ್ಲವೆಂದು ಎದ್ದೆ. ಗೇಟಿಗೆ ಅಡ್ಡ ನಿಂತ ಸ್ಕೂಟರನ್ನು ಬಳಸಿಕೊಂಡು ಹೋಗಿ ಶರಣಪ್ಪನವರ ಬಾಗಿಲಲ್ಲಿ ನಿಂತು ಕೆಮ್ಮಿದೆ. ಅವರು ಪೇಪರು ಕೆಳಗಿಟ್ಟು, “ಬರ್ರಿ ಮಾಸ್ತರ, ಚಹಾಕ್ಕ ಇಟ್ಟಾರ” ಅಂದರು.

ಬಹಳ ಹೊತ್ತಿನ ಮೇಲೆ ಮನೆಗೆ ಬಂದೆ. ಕೈ ಚಾಚಿ ನಿಂತ ಹೆಂಡತಿಯನ್ನು ನೋಡಿದಾಗಲೇ ನೆನಪಾಯಿತು, ಕಡ್ಡಿಪೆಟ್ಟಿಗೆ ಕೇಳಿರಲೇ ಇಲ್ಲ.