ಐದರಲ್ಲಿ ಐದು ಕಳೆದರೆ

ನಮ್ಮ ಶಿಶುವಿಹಾರದ ಗೋಡೆಯ ಮೊಳೆಗೆ ಒಂದು ಬಟ್ಟೆಚೀಲ ತೂಗುಬಿದ್ದಿರುತ್ತದೆ. ಅದರೊಳಗೆ ಇರುವುದು ಹುಣಸೆಬೀಜ. ಯಶವಂತಪುರದ ಮಂಡಿಯಲ್ಲಿ ಹುಣಸೆಹಣ್ಣು ಕೊಳ್ಳುವಾಗ, ಚೌಕಾಸಿ ಮುಗಿದು ಅಂಗಡಿಯವನು ಇನ್ನೇನು ಪಾರಾದೆ ಎಂದು ನಿಟ್ಟುಸಿರು ಬಿಡುವ ಗಳಿಗೆಯಲ್ಲಿ, ಮೂಲೆಯಲ್ಲಿ ರಾಶಿ ಬಿದ್ದಿದ್ದ ಬೀಜವನ್ನು ತೋರಿಸಿ “ಇದು ಕೊಸರು” ಎಂದು ಬಾಚಿಕೊಂಡು ಬಂದದ್ದು ಅದು. ಅವನು ಬೇಡವೆನ್ನಲಿಲ್ಲ; ನಾನು ಅವನ ಅಭಿಪ್ರಾಯ ಕೇಳಿರಲೂ ಇಲ್ಲ. ಅಮೃತಹಳ್ಳಿಯ ಒಂದು ಮನೆಯ ನೆಲಮಹಡಿಯನ್ನು ಬಾಡಿಗೆಗೆ ಹಿಡಿದು, ಯಾರದೋ ಹಳೆಯ ಜಾರುಬಂಡೆ, ಮತ್ತ್ಯಾರದೋ ಮುಚ್ಚಿಹೋದ ಶಾಲೆಯ ಪುಟ್ಟ ಕುರ್ಚಿಗಳನ್ನು ಹೀಗೆಯೇ ಮಾತಿನಲ್ಲಿ ಗೆದ್ದು ತಂದು ಶಿಶುವಿಹಾರ ಕಟ್ಟಿದವಳು ನಾನು. ಆದ್ದರಿಂದ ಬಣ್ಣಬಣ್ಣದ ಗಣಿತದ ಪೆಟ್ಟಿಗೆಗಳನ್ನು ಹೊತ್ತು ಬರುವ ಮಾರಾಟಗಾರರು ನನ್ನ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀವೂ ನಿಲ್ಲಿಸಿಕೊಳ್ಳಬೇಡಿ. ಬೀಜ ಬಾಯಿಗೆ, ಮೂಗಿಗೆ ಹೋಗದಂತೆ ಕಣ್ಣಿಟ್ಟು ಪಕ್ಕದಲ್ಲಿ ಕೂರುವಷ್ಟು ವ್ಯವಧಾನ ನಿಮಗಿದ್ದರೆ, ಲೆಕ್ಕ ಕಲಿಸಲು ಇದರ ಮುಂದೆ ಇನ್ನೊಂದಿಲ್ಲ.

ಕೂಡುವುದನ್ನು ಮಕ್ಕಳಿಗೆ ಕಲಿಸಬೇಕಾಗಿಯೇ ಇಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಎರಡು ಬೀಜವಿರುವ ಅಂಗೈಗೆ ಇನ್ನೆರಡು ಹಾಕಿ ನೋಡಿ. ಮುಖ ಅರಳುತ್ತದೆ, ಬೆರಳು ಮಡಚುತ್ತದೆ, ಉತ್ತರ ತಾನಾಗಿ ಹೊರಬೀಳುತ್ತದೆ. ಆದರೆ ಅದೇ ಅಂಗೈಯಿಂದ ಒಂದನ್ನು ತೆಗೆಯಲು ಹೋದಿರೋ, ಮುಷ್ಟಿ ಬಿಗಿಯಾಗುತ್ತದೆ. ಕಳೆಯುವುದೆಂದರೆ ಆ ವಯಸ್ಸಿಗೆ ಮೊದಲು ಗಣಿತವಲ್ಲ, ನಷ್ಟ. ನನ್ನದನ್ನು ಯಾರೋ ತೆಗೆದುಕೊಂಡರು ಎಂಬ ಸಂಕಟ ತಣಿದ ಮೇಲೆಯೇ ಉಳಿದದ್ದೆಷ್ಟು ಎಂದು ನೋಡುವ ಸಮಾಧಾನ ಹುಟ್ಟುವುದು. ದೊಡ್ಡವರಾದ ನಮಗೇ ಆ ಸಮಾಧಾನ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ನೆನೆಸಿಕೊಂಡರೆ, ನಾಲ್ಕೂವರೆ ವರ್ಷದ ಮಗುವಿಗೆ ಒಂದು ಮಧ್ಯಾಹ್ನದಲ್ಲಿ ಅದು ಬರಬೇಕೆಂದು ಹಟ ಹಿಡಿಯುವವರ ಬುದ್ಧಿಯ ಬಗ್ಗೆ ನನಗೆ ಅನುಮಾನ ಮೂಡುತ್ತದೆ.

ಅನುಮಾನ ಅಂದೆನೇ? ಅಲ್ಲ, ಸಿಟ್ಟು. ಮೈಯೆಲ್ಲ ಉರಿಯುವ ಸಿಟ್ಟು. ಅಚ್ಚಾದ ಅಭ್ಯಾಸದ ಹಾಳೆಗಳನ್ನು ನೋಡಿದ್ದೀರಲ್ಲ? ಸಾಲಾಗಿ ಐದು ಗುಬ್ಬಿಗಳ ಚಿತ್ರ; ಎರಡು ಹಾರಿಹೋದವು, ಅವುಗಳ ಮೇಲೆ ಗೀಟು ಹಾಕಿ, ಉಳಿದದ್ದೆಷ್ಟು ಬರೆಯಿರಿ. ಮಗು ವಿಧೇಯವಾಗಿ ಎರಡರ ಮೇಲೆ ಗೀಟು ಎಳೆಯುತ್ತದೆ, ಆಮೇಲೆ ಎಣಿಸಿ ಐದು ಎಂದು ಬರೆಯುತ್ತದೆ. ಯಾಕಮ್ಮಾ ಎಂದರೆ, “ಎಲ್ಲಿ ಹಾರಿದವು ಮಿಸ್? ಇಲ್ಲೇ ಇದಾವಲ್ಲ, ಬರೀ ಏಟು ಬಿದ್ದಿದೆ” ಎನ್ನುತ್ತದೆ. ಸರಿಯಾಗಿಯೇ ಹೇಳಿತಲ್ಲ! ಹಾಳೆಯ ಮೇಲಿನ ಗುಬ್ಬಿ ಎಲ್ಲಿಗೂ ಹೋಗುವುದಿಲ್ಲ. ಕೈಯಿಂದ ಹೋದದ್ದನ್ನು, ಕಣ್ಣೆದುರು ಇಲ್ಲವಾದದ್ದನ್ನು ನೂರು ಸಲ ಕಂಡ ಮೇಲೆ ತೋರಿಸಬೇಕಾದ ಹಾಳೆಯನ್ನು ಮೊದಲೇ ಮುಖಕ್ಕೆ ಹಿಡಿದು, ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಚುವವರನ್ನು ಏನೆನ್ನೋಣ?

ಈ ಆತುರದ ಬೇರು ಎಲ್ಲಿದೆ ಎಂದು ನಿಮಗೆ ಗೊತ್ತು. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದು ನಿಂತಿರುವ ದೊಡ್ಡ ದೊಡ್ಡ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರಬೇಕಾದರೆ ಮಗುವನ್ನು ಒಳಗೆ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಕಾನೂನಿನ ಪ್ರಕಾರ ಪರೀಕ್ಷೆ ಮಾಡುವಂತಿಲ್ಲವಾದ್ದರಿಂದ ಅದಕ್ಕೆ ಮಾತುಕತೆ ಎಂದು ಹೆಸರಿಟ್ಟಿದ್ದಾರೆ. ನಾನು ಬದುಕಿಡೀ ಮಾತುಕತೆಯಲ್ಲೇ ಗೆದ್ದವಳು, ಸ್ವಾಮಿ. ಒಬ್ಬರೇ ಕೇಳುತ್ತ, ಇನ್ನೊಬ್ಬರು ಹೆದರಿ ಉತ್ತರಿಸುತ್ತ ಇರುವುದಕ್ಕೆ ಮಾತುಕತೆ ಎನ್ನುವುದಿಲ್ಲ.

ಈ ವರ್ಷ ಪ್ರಶ್ನೆ ಕೇಳುವವರ ಆ ಕುರ್ಚಿಯ ಎದುರು ಕೂರಬೇಕಾಗಿದ್ದವಳು ನಮ್ಮ ಯುಕೆಜಿಯ ಲಾಸ್ಯ. ಅವಳ ಅಪ್ಪ ಮುನಿರಾಜಣ್ಣ ಈ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ. ಲಾಸ್ಯ ಚೂಟಿ. ಐದರಲ್ಲಿ ಎರಡು, ಐದರಲ್ಲಿ ನಾಲ್ಕು, ಎಲ್ಲವನ್ನೂ ಬೀಜ ಸರಿಸಿ ಸರಿಯಾಗಿ ಹೇಳುತ್ತಿದ್ದಳು. ಐದರಲ್ಲಿ ಐದು ಎಂದರೆ ಮಾತ್ರ ಒಂದು ಎನ್ನುತ್ತಿದ್ದಳು. ಮೂರರಲ್ಲಿ ಮೂರು? ಒಂದು. ಎಲ್ಲವನ್ನೂ ತೆಗೆ ಎಂದರೆ ಒಂದನ್ನು ಬಿಟ್ಟೇ ತೆಗೆಯುತ್ತಿದ್ದಳು. ಅದನ್ನೂ ತೆಗೆಯಮ್ಮ ಎಂದರೆ, ತಿಳಿಯದವಳು ನಾನೇ ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

ಅಪ್ಪನಿಗೆ ಇದು ಗೊತ್ತಾದದ್ದು ಗೇಟಿನ ಮುಂದೆ, ಉಳಿದ ತಾಯ್ತಂದೆಯರ ಎದುರೇ.

“ಏನ್ ಮಿಸ್ಸೇ ಇದು? ಐದ್ರಲ್ಲಿ ಐದ್ ಹೋದ್ರೆ ಒಂದ್ ಅಂತಾಳಲ್ಲ! ಅಲ್ಲಿ ಹೋಗಿ ಹಿಂಗಂದ್ರೆ ನನ್ ಮರ್ಯಾದೆ ಏನಾಗ್ಬೇಕು? ದಡ್ಡಿ, ದಡ್ಡಿ.”

“ಮುನಿರಾಜಣ್ಣ, ಮಗು ಮುಂದೆ ಆ ಮಾತು ಬೇಡ.”

“ಅವ್ಳಿಗೇನ್ ಅರ್ಥ ಆಯ್ತದೆ ಬಿಡಿ.”

ಅರ್ಥವಾಗಿತ್ತು. ಮರುದಿನದಿಂದ ಲಾಸ್ಯ ಬೀಜದ ಹತ್ತಿರ ಬರಲಿಲ್ಲ. ಎಷ್ಟು ಎಂದು ಕೇಳಿದರೆ, ಗೊತ್ತಿದ್ದದ್ದಕ್ಕೂ ತುಟಿ ಬಿಚ್ಚದೆ, ಫ್ರಾಕಿನ ಅಂಚನ್ನು ಸುರುಳಿ ಸುತ್ತುತ್ತ ಕೂತಳು. ಒಂದು ಮಗು ಲೆಕ್ಕದಿಂದ ಎದ್ದು ಹೋಗುವುದು ಹೀಗೆ, ಶಬ್ದವಿಲ್ಲದೆ. ಈಗ ಹೋದವಳು ಹತ್ತನೇ ತರಗತಿಗೆ ಬಂದರೂ ಲೆಕ್ಕಕ್ಕೆ ಮರಳುವುದಿಲ್ಲ ಎಂಬುದನ್ನು ನಾನು ಕಂಡು ಬಲ್ಲೆ. ಅದಕ್ಕೇ ನಾಲ್ಕಾರು ದಿನ ನೋಡಿ, ಅವಳನ್ನು ಕರೆದೊಯ್ಯಲು ಬಂದ ಅಜ್ಜಿ ಚಿಕ್ಕತಾಯಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಮುದುಕಿ ಎಲೆಯಡಿಕೆ ತುಂಬಿದ ಬಾಯಲ್ಲೇ ನಕ್ಕರು.

“ಅಯ್ಯೋ, ಅದ್ಕ್ಯಾಕವ್ವ ಮಗೀನ ಬೈತೀರ? ನಾನೇಯ ಯೋಳ್ಕೊಟ್ಟಿವ್ನಿ. ಅಕ್ಕಿ ಡಬ್ಬ ಬರಿದ್ ಮಾಡ್ಬಾರ್ದು. ಎಂಗೇ ಇರ್ಲಿ, ತಳದಾಗ್ ಒಂದ್ ಇಡಿ ಬಿಟ್ಟು ತೆಗೀಬೇಕು. ದಿನಾ ನನ್ ಜೊತೆ ಅಕ್ಕಿ ತೆಗೆಯೋಳು ಅವ್ಳೇ ಅಲ್ವಾ?”

ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ. ನಮ್ಮ ಮನೆಯಲ್ಲೂ ಇತ್ತು; ನನಗೆ ಹೊಳೆದಿರಲಿಲ್ಲ, ಅಷ್ಟೆ. ಅಂದರೆ ಲಾಸ್ಯ ತಪ್ಪೆಣಿಸಿರಲಿಲ್ಲ. ಎಲ್ಲವನ್ನೂ ತೆಗೆ ಎಂದರೆ ಒಂದು ಪಾಲು ಬಿಟ್ಟು ತೆಗೆಯುವುದು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಅಕ್ಕರೆಯಿಂದ ಕಲಿಸಿದ ಮೊದಲ ನಿಯಮವನ್ನು ಅವಳು ಬಲವಾಗಿ ಹಿಡಿದಿದ್ದಳು; ನಾವು ಬಂದು, ಅದನ್ನು ಬಿಡಿಸದೆ, ಅದರ ಮೇಲೆ ಗೀಟು ಎಳೆಯುತ್ತಿದ್ದೆವು.

ಅಜ್ಜಿಯ ನಿಯಮವನ್ನು ಸುಳ್ಳೆನ್ನುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ನಿಮಗೂ ಹೇಳುತ್ತೇನೆ, ಮಗುವಿನ ಮನೆಯ ಮಾತಿಗೆ ಎದುರಾಗಿ ಲೆಕ್ಕ ಕಲಿಸಲು ಹೋಗಬೇಡಿ, ಸೋಲುವವರು ನೀವೇ. ಬದಲಿಗೆ ಚಿಕ್ಕತಾಯಮ್ಮನನ್ನೇ ಕೇಳಿದೆ: “ಡಬ್ಬ ಖಾಲಿ ಮಾಡಬಾರದು, ಸರಿ. ತಟ್ಟೇಲಿ ಅನ್ನ ಬಿಟ್ರೆ?”

“ತಟ್ಟೇಲಿ ಬಿಟ್ಟಾಳಾ? ಕೈ ಮುರೀತೀನಿ!”

ನನಗೆ ಬೇಕಾದದ್ದು ಸಿಕ್ಕಿತ್ತು. ಮರುದಿನ ಒಂದು ತಟ್ಟೆಯಲ್ಲಿ ಬಾಳೆಹಣ್ಣಿನ ಐದು ಹೋಳಿಟ್ಟು ಲಾಸ್ಯಳ ಮುಂದೆ ಸರಿಸಿದೆ. ತಿಂದಳು, ತಿನ್ನಲು ಯಾರೂ ಲೆಕ್ಕ ಬರಬೇಕೆನ್ನಲಿಲ್ಲವಲ್ಲ. ಎಷ್ಟು ಉಳಿಯಿತು ಕಂದಾ ಎಂದೆ. ತಟ್ಟೆಯನ್ನು ಎತ್ತಿ, ತಲೆಕೆಳಗು ಮಾಡಿ, ಕೆಳಗೇನಾದರೂ ಬಿತ್ತೇ ಎಂದು ನೋಡಿ, ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು: “ಏನೂ ಇಲ್ಲ.” ಏನೂ ಇಲ್ಲ ಎನ್ನುವುದನ್ನು ಹೀಗೆ ಬರೆಯುತ್ತಾರೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆ ಸುತ್ತಿದೆ. “ತಟ್ಟೆ ಥರಾನೇ ಇದೆ ಮಿಸ್!” ಎಂದು ಚಪ್ಪಾಳೆ ತಟ್ಟಿದಳು. ಡಬ್ಬಕ್ಕೆ ಅಜ್ಜಿಯ ನ್ಯಾಯ, ತಟ್ಟೆಗೆ ಇನ್ನೊಂದು ಎಂದು ಹೇಳಿಕೊಟ್ಟೆ. ಎರಡೂ ಅವಳ ತಲೆಯಲ್ಲಿ ಜಗಳವಿಲ್ಲದೆ ಕೂತವು. ಇದಕ್ಕಿಂತ ಒಳ್ಳೆಯ ಗಣಿತ ಯಾವುದಿದೆ ಹೇಳಿ.

ಮಾತುಕತೆಯ ದಿನ ಬಂತು, ಮುಗಿಯಿತು. ಮರುದಿನ ಬೆಳಗ್ಗೆ ಮುನಿರಾಜಣ್ಣ ಬುಲೆಟ್ಟಿನಿಂದ ಇಳಿಯುವ ಮೊದಲೇ ಶುರು ಮಾಡಿದರು. ಮಗಳು ಮುಂದೆ ಟ್ಯಾಂಕಿನ ಮೇಲೆ ಕೂತಿದ್ದಳು.

“ಏನ್ ಹೇಳ್ಕೊಟ್ರಿ ಮಿಸ್ಸೇ ನೀವು? ಐದ್ ಚಾಕ್ಲೇಟ್ ಇದೆ, ಐದೂ ತೆಗೆದ್ರೆ ಎಷ್ಟು ಅಂತ ಆ ಸ್ಕೂಲ್ ಮೇಡಮ್ ಕೇಳಿದ್ರೆ, ಇವ್ಳು ‘ಡಬ್ಬದಲ್ಲಿತ್ತಾ, ತಟ್ಟೇಲಿತ್ತಾ’ ಅಂತ ಅವ್ರನ್ನೇ ಕೇಳ್ತಾಳೆ! ಅವ್ರು ಮತ್ತೆ ಅದನ್ನೇ ಕೇಳಿದ್ರು, ಇವ್ಳೂ ಮತ್ತೆ ಅದನ್ನೇ ಕೇಳಿದ್ಳು. ಕೊನೆಗೆ, ಇನ್ನೊಂದ್ ವರ್ಷ ಯುಕೆಜೀಲೇ ಕೂರಿಸಿ, ಮಗು ರೆಡಿ ಇಲ್ಲ ಅಂದ್ಬಿಟ್ರು.”

ನನಗೆ ಒಂದು ಕ್ಷಣ ನಗು ಬಂತು. ಅದರ ಹಿಂದೆಯೇ ಕೋಪ ಬಂತು. ಒಂದು ಮಗು ಉತ್ತರಿಸುವ ಮುನ್ನ ಪ್ರಶ್ನೆಯನ್ನು ಸರಿಮಾಡಿಕೊಳ್ಳಲು ಹೊರಟಿತ್ತು. “ತಟ್ಟೇಲಿತ್ತು ಕಣಮ್ಮ” ಎಂದಿದ್ದರೆ ಸಾಕಾಗಿತ್ತು. ಆ ಎರಡು ಮಾತಿನ ಉಪಕಾರ ಮಾಡದೆ ಅವಳ ಒಂದು ವರ್ಷವನ್ನು ಕಿತ್ತುಕೊಳ್ಳಲು ಹೊರಟಿದ್ದರು, ಇಲ್ಲಿ ಅಪ್ಪ ಅದಕ್ಕೆ ತಲೆದೂಗುತ್ತಿದ್ದರು. ಕೂಗಾಡಬಹುದಿತ್ತು. ಆದರೆ ಚೌಕಾಸಿಯಲ್ಲಿ ದನಿ ಏರಿಸಿದವರು ಅರ್ಧ ಸೋತ ಹಾಗೆ. ಎದುರಿನವರ ಕಸುಬಿನಲ್ಲಿ ಅವರಿಗೇ ಗೊತ್ತಿರುವುದನ್ನು ಅವರ ಬಾಯಿಂದಲೇ ಹೇಳಿಸಬೇಕು.

“ಅದಿರಲಿ ಮುನಿರಾಜಣ್ಣ, ನಿಮ್ಮ ಸೈಟಲ್ಲಿ ಸಿಮೆಂಟು ಕೊನೇ ಮೂಟೆ ಒಡೆಯೋವರೆಗೂ ಹೊಸ ಲೋಡ್ ತರ್ಸಲ್ವಾ?”

“ಅದ್ಹೆಂಗಾಯ್ತದೆ? ಪೂರ್ತಿ ಮುಗಿದ್ರೆ ಕೆಲ್ಸ ನಿಂತೋಗಲ್ವಾ? ಒಂದಷ್ಟು ಮೂಟೆ ಯಾವಾಗ್ಲೂ ಇರ್ಲೇಬೇಕು.”

“ಹಾಗಾದ್ರೆ ಗೋಡೌನಿಂದ ಮೂಟೆ ಎಲ್ಲಾ ತೆಗೆದ್ರೆ ಎಷ್ಟು ಉಳೀತು ಅಂತ ನಾನು ಕೇಳಿದ್ರೆ?”

“ಎಲ್ಲಾ ಎಲ್ಲಿ ತೆಗೀತೀವಿ ಮಿಸ್ಸೇ, ಒಂದ್...”

ಅಕ್ಕಿ ಡಬ್ಬದ ವಿಷಯವನ್ನೂ, ತಟ್ಟೆಯ ವಿಷಯವನ್ನೂ ಹೇಳಿದೆ. ಅವರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಕೇಳಿದರು. “ನಮ್ಮವ್ವ ನನಗೂ ಹಂಗೇ ಹೇಳ್ತಿತ್ತು” ಎಂದರು ಮೆಲ್ಲಗೆ. ಆಗ ಟ್ಯಾಂಕಿನ ಮೇಲಿನಿಂದ ಲಾಸ್ಯ, ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದವಳ ಹಾಗೆ, ಕೇಳಿದಳು:

“ಅಪ್ಪಾ, ಡಬ್ಬಾನೋ ತಟ್ಟೇನೋ ಅಂತ ಆ ಆಂಟಿಗೆ ಗೊತ್ತಿರ್ಲಿಲ್ವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮುನಿರಾಜಣ್ಣನೇ ಅವಳನ್ನು ಕೆಳಗಿಳಿಸಿ ಹೇಳಿದರು, “ಇಲ್ಲ ಮಗಾ, ಗೊತ್ತಿರ್ಲಿಲ್ಲ. ಕೇಳಿ ಒಳ್ಳೇದ್ ಮಾಡ್ದೆ.” ಆಮೇಲೆ ನನ್ನ ಕಡೆ ತಿರುಗಿ, “ಒಂದ್ನೇ ಕ್ಲಾಸಿಗೇ ಹಾಕ್ತೀನಿ. ಇಲ್ಲೇ ಹತ್ರ, ಮಕ್ಕಳ ಮಾತ್ ಕೇಳೋ ಸ್ಕೂಲ್ ಯಾವ್ದಾದ್ರೂ ಇದ್ರೆ ಹೇಳಿ” ಎಂದರು.

ಲಾಸ್ಯಳ ವರ್ಷ ಉಳಿಯಿತು. ಅದಕ್ಕಾಗಿ ನನ್ನ ಸಿಟ್ಟು ಇಳಿಯಬೇಕೆಂದು ನೀವು ನಿರೀಕ್ಷಿಸುತ್ತಿದ್ದರೆ, ಕ್ಷಮಿಸಿ, ಇಳಿದಿಲ್ಲ. ಮಾತುಕತೆಯ ದಿನ ಆ ಕುರ್ಚಿಯ ಎದುರು ಇನ್ನೆಷ್ಟೋ ಮಕ್ಕಳು ಕೂತೆದ್ದು ಬಂದಿದ್ದಾರೆ. ಒಂದೊಂದರ ಮನೆಯಲ್ಲೂ ಒಂದೊಂದು ಪದ್ಧತಿ, ಒಂದೊಂದು ಅಡುಗೆಮನೆ, ಒಬ್ಬೊಬ್ಬ ಅಜ್ಜಿ. ಒಂದೊಂದರ ನಾಲಗೆಯ ತುದಿಯಲ್ಲೂ, ಉತ್ತರ ಹೇಳುವ ಮುನ್ನ ಕೇಳಬೇಕೆನಿಸಿದ ಒಂದು ಪ್ರಶ್ನೆ ಇದ್ದಿರಲೇಬೇಕು. ಅದನ್ನು ನುಂಗಿಕೊಂಡು, ತಲೆ ತಗ್ಗಿಸಿ, ಸೊನ್ನೆ ಎಂದವರಿಗೆ ಸೀಟು ಸಿಕ್ಕಿದೆ.