ಖಾಲಿ ಆಕಾಶದ ಅಂಜಿನಯ್ಯ

ಅತ್ತಿಗುಪ್ಪೆಯ ಮೆಟ್ರೊ ಸೇತುವೆಯ ನೆರಳಿಗೆ ಸಿಕ್ಕಿ ಮಧ್ಯಾಹ್ನವೇ ದೀಪ ಹಾಕಿಕೊಳ್ಳುವ ಬಾಡಿಗೆ ಲೈಬ್ರರಿಯೊಂದಿದೆ. ಅದರ ಯಜಮಾನ ಅಂಜಿನಯ್ಯನವರ ಬಳಿ ಅಡುಗೆ ಪುಸ್ತಕ ಕೇಳಿಕೊಂಡು ಹೋದವರೂ ಬಾಹ್ಯಾಕಾಶದ ಕಥೆ ಹಿಡಿದುಕೊಂಡೇ ಹೊರಬರಬೇಕು, ಅದೂ ಎರಡನೇ ಮಹಾಯುದ್ಧ ಮುಗಿದ ಮೇಲೆ ಬರೆದದ್ದೇ ಆಗಬೇಕು. "ಬಾಂಬ್ ಬಿದ್ಮೇಲೇ ಸಾರ್ ಈ ಕಥೆ ಬರೆಯೋರಿಗೆ ಬುದ್ಧಿ ಬಂದಿದ್ದು. ಆಕಾಶ ಖಾಲಿ, ಮೇಲೆ ಯಾರೂ ಕೂತಿಲ್ಲ. ರಾಕೆಟ್‌ನಲ್ಲಿ ಒಬ್ನೇ ಉಳ್ದೋನು ಯಾಕೆ ಬದುಕ್ಬೇಕು ಅಂತ ಅವ್ನೇ ತೀರ್ಮಾನ ಮಾಡ್ಬೇಕು" ಎಂದು ಶುರುಮಾಡಿದರೆ ಗಿರಾಕಿ ಹಿಡಿಯಬೇಕಿದ್ದ ಸುಂಕದಕಟ್ಟೆ ಬಸ್ಸು ಹೋಗಿ, ಅದರ ಹಿಂದೆ ಬಂದದ್ದೂ ಹೋಗಿರುತ್ತದೆ. ಪುಸ್ತಕಕ್ಕೆ ಹದಿನೈದು ದಿನದ ಗಡುವು, ಒಂದು ದಿನ ತಡವಾದರೂ "ಏನು, ಸತ್ತೋಗಿದ್ರಾ?" ಎಂದು ಮುಖಕ್ಕೇ ಕೇಳುತ್ತಾರೆ. ಈ ಮಾತಿಗೆ ನಗುತ್ತಿದ್ದವರು ಗೆಳೆಯ ಮಹದೇವ್ ಒಬ್ಬರೇ. ದಿನಾ ಸಂಜೆ ಮೇಜಿನ ಆಚೀಚೆ ಕೂತು ಇಬ್ಬರೂ ದೇವರಿಲ್ಲದ ಗ್ರಹಗಳ ಬಗ್ಗೆ ಜಗಳವಾಡುತ್ತಿದ್ದರು. ಹೋದ ವರ್ಷ ಮಹದೇವ್ ತೀರಿಕೊಂಡರು. ವರ್ಷದ ತಿಥಿ ಮುಗಿಸಿ ಅವರ ಮಗಳು ಧನ್ಯಶ್ರೀ ಪುಸ್ತಕವೊಂದನ್ನು ತಂದು, "ಅಂಕಲ್, ಅಪ್ಪನ ದಿಂಬಿನ ಹತ್ರ ಇತ್ತು. ತುಂಬಾ ಲೇಟಾಗೋಯ್ತು, ಸಾರಿ" ಎಂದಳು. ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅಂಜಿನಯ್ಯನವರು ಮಹದೇವ್ ಅವರ ಕಾರ್ಡು ತೆಗೆದು ತೋರಿಸಿದರು. ಹದಿನೈದು ದಿನಕ್ಕೊಮ್ಮೆ, ಒಂದೂ ತಪ್ಪದೆ, ಮೊನ್ನೆ ಸೋಮವಾರದವರೆಗೂ ಅದರ ಮೇಲೆ ಗಡುವು ಮುಂದುವರಿಸಿದ ತಾರೀಖಿನ ಮುದ್ರೆ ಬಿದ್ದಿತ್ತು. "ಲೇಟೇನಿಲ್ಲ ಕಣಮ್ಮ" ಎಂದು ಪುಸ್ತಕವನ್ನು ಅವಳ ಕೈಗೇ ಮರಳಿಸಿದರು, "ನಿಮ್ಮಪ್ಪಂಗೆ ಇನ್ನೂ ಟೈಮಿದೆ."